ಅಜ್ಜಿಯ ಓಲೆ

ನಮ್ಮ ಅಜ್ಜಿ ಶಿಡ್ಲಘಟ್ಟದ ಕಡೆಯ ಹಳ್ಳಿಯವರು. ಚಿಂತಾಮಣಿ ಸಂತೆಗೆ ಹೊರಟರೆ ಊರು ದಾಟುವ ಮೊದಲು ಕಿವಿಯ ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. "ಸಂತೆಗೆ ಯಾರಾದರೂ ಬರಿಗಿವಿಯಲ್ಲಿ ಹೋಗ್ತಾರಾ ಅಜ್ಜಿ?" ಎಂದು ನಾವು ನಗುತ್ತಿದ್ದೆವು. "ದಾರಿಯಲ್ಲಿ ಓಲೆಗಿಂತ ಕಿವಿ ಮುಖ್ಯ ಕಣೇ" ಎನ್ನುತ್ತಿದ್ದರು.

ಈ ಮಾತು ನೆನಪಾದದ್ದು ಎಷ್ಟೋ ವರ್ಷಗಳ ಮೇಲೆ, ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸ ಓದುವಾಗ. 1749ರಲ್ಲಿ ಮೈಸೂರಿನವರು ನಮ್ಮ ನೆರೆಯ ದೇವನಹಳ್ಳಿಗೆ ಮುತ್ತಿಗೆ ಹಾಕಿದರು. ಅಲ್ಲಿ ಹೈದರಾಲಿಯ ಧೈರ್ಯ ಕಂಡು ನಂಜರಾಜಯ್ಯ ಅವನಿಗೆ 50 ಕುದುರೆ, 200 ಕಾಲಾಳುಗಳನ್ನು ಒಪ್ಪಿಸಿದ. ಮುಂದೆ ಹೈದರ್ ಹಗುರ ಕುದುರೆ ಸವಾರರನ್ನೂ ಬೇಡರ ಕಾಲಾಳುಗಳನ್ನೂ ಸೇರಿಸಿ ಪಡೆ ಬೆಳೆಸಿದ. ಸಂಬಳದ ಜೊತೆಗೆ ಲೂಟಿಯಲ್ಲಿ ಪಾಲು. ಲೆಕ್ಕಕ್ಕೆ ಖಂಡೇರಾಯನೆಂಬ ಚುರುಕಿನ ಗುಮಾಸ್ತ. ಏನೇನು ಲೂಟಿ? ವಿಲ್ಕ್ಸ್ ಪಟ್ಟಿ ಕೊಡುತ್ತಾನೆ: ಧಾನ್ಯದ ಹೇರು, ದನ, ಕುರಿ, ಬಟ್ಟೆ, ರುಮಾಲು, ಕೊನೆಗೆ ಹೆಂಗಸರು ಮಕ್ಕಳೆನ್ನದೆ ದಾರಿಹೋಕರ ಕಿವಿಯ ಒಡವೆ! ಅಜ್ಜಿಯ ಸೆರಗಿನ ಗಂಟು ಕಣ್ಣಿಗೆ ಕಟ್ಟಿತು.

ಈ ಹಗುರ ಪಡೆಗಳು ಎದುರುಬದುರು ನಿಂತು ಕಾದುವವಲ್ಲ. ಶತ್ರುವಿನ ಸುತ್ತ ಸುಳಿದಾಡಿ ಸುದ್ದಿ ತರುವುದು, ಮೇವಿಗೆ ಹೋದವರನ್ನು ಹಿಡಿಯುವುದು, ಹುಲ್ಲಿನ ಮೆದೆಗೆ ಬೆಂಕಿಯಿಡುವುದು ಅವರ ಕೆಲಸ. ಸಣ್ಣ ಕೆಲಸವೆನ್ನಬೇಡಿ. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಗೆದ್ದು, ನಮ್ಮ ಸೀಮೆಯ ಮೇಲೆ ಹಾದು ನಿಜಾಮನ ಕುದುರೆ ದಂಡನ್ನು ಕೂಡಿಕೊಂಡು, ಶ್ರೀರಂಗಪಟ್ಟಣಕ್ಕೆ ಹೊರಟ. ಟಿಪ್ಪುವಿನ ಸವಾರರು ದಾರಿಯುದ್ದಕ್ಕೂ ಊರು ಖಾಲಿ ಮಾಡಿಸಿ ಮೇವು ಸುಟ್ಟರು. ಮೇ 15ರಂದು ಅರಕೆರೆಯ ಬಳಿ ಕಾರ್ನ್‌ವಾಲಿಸ್ ಗೆದ್ದನಾದರೂ ತೋಪು ಎಳೆಯುವ ಎತ್ತುಗಳು ಹಸಿವಿನಿಂದ ಸತ್ತಿದ್ದವು. ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗಿದ. ಕಾಳಗ ಗೆದ್ದವನನ್ನು ಸುಟ್ಟ ಹುಲ್ಲು ಸೋಲಿಸಿತು.

ಆದರೆ ಆ ಹುಲ್ಲು ಯಾರದು? ರೈತನ ಮನೆಯ ಹಿತ್ತಲಿನದು. ಬೆಂಕಿಯಿಟ್ಟವರು ನಮ್ಮ ರಾಜ್ಯದವರೇ. ಮರಾಠರು, ನಿಜಾಮನವರು, ಇಂಗ್ಲಿಷರು ಬಂದಾಗಲೂ ದಂಡಿನ ಹೊಟ್ಟೆ ತುಂಬಿಸಿದ್ದು ಹಳ್ಳಿಯ ಕಣಜವೇ. ಆ ಸವಾರರೂ ಯಾವುದೋ ತಾಯಿಯ ಮಕ್ಕಳೇ, ಹೊಟ್ಟೆಪಾಡಿಗೆ ಕುದುರೆ ಹತ್ತಿದವರೇ. ಯಾರನ್ನು ದೂರೋಣ?

ನಂದಿಬೆಟ್ಟಕ್ಕೆ ಹೋದಾಗ ಮೂರು ವಾರಗಳ ಮುತ್ತಿಗೆಯ ನಂತರ 1791ರ ಅಕ್ಟೋಬರ್ 19ರಂದು ಕೋಟೆ ಬಿದ್ದ ಕಥೆ ನಾವೂ ಮಕ್ಕಳಿಗೆ ಹೇಳುತ್ತೇವೆ. ಈಗ ಅಲ್ಲಿ ನಿಂತರೆ ನನ್ನ ಕಣ್ಣು ಕೆಳಗಿನ ಬಯಲಿಗೆ ಹೋಗುತ್ತದೆ. ನಮ್ಮ ಕಡೆ ರಾಗಿಯನ್ನು ಹಗೇವಿನಲ್ಲಿ ಹಾಕಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆಯುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ, ಅದು ನಿಜ. ಮೇಲೆ ನಿಂತವನಿಗೆ ಕಾಣುತ್ತಲೂ ಇರಲಿಲ್ಲ, ಅದೂ ನಿಜ.

ಅಜ್ಜಿಗೆ ಹೈದರನ ಸವಾರರ ಸುದ್ದಿ ಗೊತ್ತಿರಲಿಲ್ಲ. ಅವರಮ್ಮ ಹಾಗೆ ಮಾಡುತ್ತಿದ್ದರಂತೆ, ಇವರೂ ಮಾಡಿದರು. ಆ ಓಲೆ ಈಗ ನನ್ನಲ್ಲಿದೆ. ಮೊನ್ನೆ ಬಸ್ಸಿಗೆ ಹೊರಟಾಗ ಕೈ ತಾನಾಗಿ ಕಿವಿಗೆ ಹೋಯಿತು. ಈ ಸಲ ನಕ್ಕವಳು ನನ್ನ ಮಗಳು.