ಟವೆಲ್ ಇಲ್ಲದ ಗುಟ್ಟಿನ ವ್ಯಾಪಾರ

ಮಾಗಡಿಯಂಥ ದನಗಳ ಜಾತ್ರೆಗಳಲ್ಲಿ ಟವೆಲ್ ಅಡಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವುದನ್ನು ನಾವೆಲ್ಲ ಕಂಡವರೇ. ಸುತ್ತ ಎಷ್ಟು ಜನ ನಿಂತರೂ ರೇಟು ಇಬ್ಬರಿಗೇ ಗೊತ್ತು. ಆದರೆ ಕೈಗೆ ಕೈ ತಾಗಬೇಕು.

ಗುಪ್ತ ಬರಹಕ್ಕೂ ಶತಮಾನಗಳ ಕಾಲ ಇದೇ ತೊಡಕು. ಬಿಡಿಸುವ ಕೀಲಿಯನ್ನು ಮೊದಲೇ ಗುಟ್ಟಾಗಿ ಮುಟ್ಟಿಸಬೇಕಿತ್ತು. ದೂರದಿಂದಲೇ, ಎಲ್ಲರೂ ಕೇಳುತ್ತಿರುವಾಗಲೇ ಕೀಲಿ ಒಪ್ಪಿಕೊಳ್ಳುವ ಲೆಕ್ಕವನ್ನು 1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ, ಮಾರ್ಟಿನ್ ಹೆಲ್ಮನ್ ಪ್ರಕಟಿಸಿದರು. (ಬ್ರಿಟನ್ನಿನ ಬೇಹು ಸಂಸ್ಥೆಯಲ್ಲಿ ಮಾಲ್ಕಮ್ ವಿಲಿಯಮ್ಸನ್ 1974ರಲ್ಲೇ ಕಂಡುಕೊಂಡಿದ್ದರು. 1997ರವರೆಗೆ ಅಲ್ಲಿ ಯಾರೂ ಬಾಯಿ ಬಿಡಲಿಲ್ಲ!)

ಕನಕಪುರದ ರೇಷ್ಮೆ ಬೆಳೆಗಾರ, ರಾಮನಗರದ ರೀಲರ್ ಎಂದುಕೊಳ್ಳೋಣ. 3 ಮತ್ತು 17 ಎಲ್ಲರಿಗೂ ಗೊತ್ತು. ಬೆಳೆಗಾರನ ಮನಸ್ಸಿನಲ್ಲಿ 6, ರೀಲರ್ ಮನಸ್ಸಿನಲ್ಲಿ 7. ಬೆಳೆಗಾರ ಆರು 3ಗಳನ್ನು ಗುಣಿಸಿ, 17ರಿಂದ ಭಾಗಿಸಿ, ಉಳಿದ 15ನ್ನು ಕೂಗುತ್ತಾನೆ. ರೀಲರ್ ಏಳು 3ಗಳನ್ನು ಗುಣಿಸಿ ಹಾಗೇ ಮಾಡಿ 11 ಎನ್ನುತ್ತಾನೆ. ಈಗ ಬೆಳೆಗಾರ ಆರು 11ಗಳನ್ನು, ರೀಲರ್ ಏಳು 15ಗಳನ್ನು ಗುಣಿಸಿ 17ರಿಂದ ಭಾಗಿಸಿದರೆ ಇಬ್ಬರಿಗೂ ಉಳಿಯುವುದು 8. ಆ 8ನ್ನು ಯಾರೂ ಕೂಗಲೇ ಇಲ್ಲ.

ಕದ್ದು ಕೇಳಿದವನು 15ರಿಂದ ಹಿಂದಕ್ಕೆ ಹೋಗಿ 6ನ್ನು ಹುಡುಕಬೇಕು. ಇಷ್ಟು ಸಣ್ಣದಾದರೆ ಸುಲಭ. ನೂರಾರು ಅಂಕಿಗಳ ಸಂಖ್ಯೆಯಾದರೆ ಇಂದಿನ ಕಂಪ್ಯೂಟರಿಗೂ ಆಗದು. ನಮ್ಮ ವಾಟ್ಸ್ಯಾಪ್ ಮಾತು ಕಾಯುವುದೂ ಇದೇ ಜಾತಿಯ ಲೆಕ್ಕ.

ಆದರೆ ಇದು ಬಿಡಿಸಲಾಗದ ಲೆಕ್ಕವೆಂದು ಈವರೆಗೆ ಯಾರೂ ಸಾಬೀತು ಮಾಡಿಲ್ಲ. ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ ಬಿಡಿಸಬಹುದೆಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಅದಕ್ಕೇ 2024ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಬೇರೆ ಬಗೆಯ ಲೆಕ್ಕದ ಮೇಲೆ ನಿಂತ ಹೊಸ ಕೀಲಿ ವಿಧಾನವನ್ನು ಹೊರತಂದಿದೆ.