ಲೋಬ್ಯುಲರ್ ಸ್ತನ ಕ್ಯಾನ್ಸರ್: ಚಿಕಿತ್ಸೆಯ ನಿರ್ಧಾರ ಹಾಗೂ ನಂತರದ ಜೀವನ – ಅಜ್ಜಂಪುರ ತಾಲ್ಲೂಕಿನ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಸ್ತನದಲ್ಲಿ ಹಾಲನ್ನು ಉತ್ಪಾದಿಸುವ ಸಣ್ಣ ಗ್ರಂಥಿಗಳೂ, ಆ ಹಾಲನ್ನು ತೊಟ್ಟಿಗೆ ಒಯ್ಯುವ ನಾಳಗಳೂ ಇರುತ್ತವೆ. ಸ್ತನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ನಾಳದ ಮಾದರಿಯವು. ಗ್ರಂಥಿಯ ಮಾದರಿಯದನ್ನು ಲೋಬ್ಯುಲರ್ ಕ್ಯಾನ್ಸರ್ ಎಂದು ಕರೆಯಲಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಸ್ತನ ಕ್ಯಾನ್ಸರ್‌ಗಳ ಪೈಕಿ ಶೇ. 10 ರಿಂದ 15 ರಷ್ಟು ಈ ಮಾದರಿಯವು. ಭಾರತದಲ್ಲಿ ಈ ಪ್ರಮಾಣ ಇನ್ನೂ ಕಡಿಮೆ. ಆದ್ದರಿಂದ ವರದಿಯಲ್ಲಿ ಈ ಪದವನ್ನು ಮೊದಲ ಬಾರಿಗೆ ಓದುವ ಕುಟುಂಬಗಳಿಗೆ ಗೊಂದಲವಾಗುವುದು ಸಹಜ. ಅಜ್ಜಂಪುರ ತಾಲ್ಲೂಕಿನ ರೋಗಿಗಳು ಹಾಗೂ ಅವರ ಕುಟುಂಬದವರು ಚಿಕಿತ್ಸೆಗೆ ಒಪ್ಪಿಗೆ ನೀಡುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

2. ಗಂಟು ಇಲ್ಲದಿದ್ದರೂ ಪರೀಕ್ಷೆ ಅಗತ್ಯ

ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು ಈ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಇಲ್ಲವಾಗಿರುತ್ತದೆ. ಇದರಿಂದ ಕೋಶಗಳು ಗುಂಪುಗೂಡದೆ ಒಂದರ ಹಿಂದೊಂದು ಸಾಲಾಗಿ ಹರಡುತ್ತವೆ. ಕೈಗೆ ಸಿಗುವಂತಹ ಸ್ಪಷ್ಟ ಗಂಟು ಹಲವು ವೇಳೆ ಇರುವುದಿಲ್ಲ. ಕೆಳಕಂಡ ಯಾವುದೇ ಬದಲಾವಣೆ ಕಂಡುಬಂದಲ್ಲಿ ವೈದ್ಯರಿಗೆ ತೋರಿಸತಕ್ಕದ್ದು:

ಅ) ಸ್ತನದ ಒಂದು ಭಾಗ ದಪ್ಪವಾಗಿರುವುದು ಅಥವಾ ಗಟ್ಟಿಯಾಗಿರುವುದು
ಆ) ಒಂದು ಸ್ತನದ ಗಾತ್ರ ಅಥವಾ ಆಕಾರ ಬದಲಾಗುವುದು
ಇ) ಚರ್ಮ ಕುಳಿ ಬೀಳುವುದು, ತೊಟ್ಟು ಹೊಸದಾಗಿ ಒಳಕ್ಕೆ ಸೆಳೆದುಕೊಳ್ಳುವುದು
ಈ) ಕಂಕುಳಿನಲ್ಲಿ ಊತ

ಈ ಮಾದರಿಯ ಕ್ಯಾನ್ಸರ್ ಮ್ಯಾಮೊಗ್ರಾಂನಲ್ಲಿಯೂ ಕಾಣದೇ ಹೋಗಬಹುದು. ಆದಕಾರಣ ಮ್ಯಾಮೊಗ್ರಾಂ ಸರಿಯಿದೆ ಎಂಬ ಮಾತ್ರಕ್ಕೆ ಮೇಲ್ಕಂಡ ಬದಲಾವಣೆಗಳನ್ನು ಕಡೆಗಣಿಸಬಾರದು. ಅಲ್ಟ್ರಾಸೌಂಡ್, ಅಗತ್ಯವಿದ್ದಲ್ಲಿ ಎಂ.ಆರ್.ಐ. ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಬಹುದು. ಕಾಯಿಲೆಯನ್ನು ಖಚಿತಪಡಿಸುವುದು ಬಯಾಪ್ಸಿ ಮಾತ್ರ. ಬಯಾಪ್ಸಿ ಮಾಡಿದರೆ ರೋಗ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

3. ಬಯಾಪ್ಸಿ ವರದಿಯಲ್ಲಿ ಗಮನಿಸಬೇಕಾದ ಅಂಶಗಳು

ಚಿಕಿತ್ಸೆಯ ಎಲ್ಲಾ ನಿರ್ಧಾರಗಳಿಗೂ ಬಯಾಪ್ಸಿ ವರದಿಯೇ ಮೂಲ ದಾಖಲೆ.

ಅ) ಇನ್ವೇಸಿವ್ ಅಥವಾ ಇನ್ ಸಿಟು: ಇನ್ವೇಸಿವ್ ಎಂದಿದ್ದಲ್ಲಿ ಅದು ಸುತ್ತಲಿನ ಅಂಗಾಂಶಕ್ಕೆ ಹರಡುವ ಕ್ಯಾನ್ಸರ್. "ಲೋಬ್ಯುಲರ್ ಕಾರ್ಸಿನೋಮಾ ಇನ್ ಸಿಟು" ಎಂದಷ್ಟೇ ಇದ್ದಲ್ಲಿ, ಹೆಸರಿನಲ್ಲಿ ಕಾರ್ಸಿನೋಮಾ ಎಂದಿದ್ದರೂ, ಅದನ್ನು ಕ್ಯಾನ್ಸರ್ ಎಂದು ಪರಿಗಣಿಸುವುದಿಲ್ಲ. ಮುಂದೆ ಎರಡರಲ್ಲಿ ಯಾವ ಸ್ತನದಲ್ಲಿಯಾದರೂ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು ಎಂಬುದರ ಸೂಚನೆ ಅದು. ಈ ಒಂದು ವ್ಯತ್ಯಾಸ ತಿಳಿಯದೆ ಸ್ತನ ತೆಗೆಸುವ ನಿರ್ಧಾರಕ್ಕೆ ಬರಬಾರದು.

ಆ) ಹಾರ್ಮೋನ್ ಗ್ರಾಹಕಗಳು: ಲೋಬ್ಯುಲರ್ ಕ್ಯಾನ್ಸರ್ ಬಹುತೇಕ ಈಸ್ಟ್ರೋಜನ್ ಗ್ರಾಹಕ ಪಾಸಿಟಿವ್ ಆಗಿರುತ್ತದೆ. ಹೀಗಿದ್ದಲ್ಲಿ ಹಾರ್ಮೋನ್ ಮಾತ್ರೆಗಳು ಫಲ ನೀಡುತ್ತವೆ.

ಇ) ಹರ್-2: ಇದು ಬಹುತೇಕ ನೆಗೆಟಿವ್ ಆಗಿರುತ್ತದೆ. ಪಾಸಿಟಿವ್ ಇದ್ದಲ್ಲಿ ಅದಕ್ಕೆಂದೇ ಪ್ರತ್ಯೇಕ ಔಷಧಿಗಳಿವೆ.

4. ಚಿಕಿತ್ಸೆಯ ನಿರ್ಧಾರ

ವರದಿ ಬಂದ ದಿನವೇ ನಿರ್ಧರಿಸಬೇಕಾದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲಾ ಪರೀಕ್ಷೆಗಳನ್ನು ಪೂರೈಸಿ, ಎರಡನೇ ಅಭಿಪ್ರಾಯ ಪಡೆಯಲು ಕೆಲವು ದಿನಗಳನ್ನು ತೆಗೆದುಕೊಳ್ಳಬಹುದು. ಆದರೆ ಬೆಳೆ ಕಟಾವು, ಮದುವೆ, ಜಾತ್ರೆ ಎಂದು ತಿಂಗಳುಗಟ್ಟಲೆ ಮುಂದೂಡುವುದು ಅಪಾಯಕರ. ನಾಟಿ ಔಷಧಿ ಹಾಗೂ ಪಥ್ಯ ಈ ಚಿಕಿತ್ಸೆಗೆ ಬದಲಿಯಲ್ಲ. ಬಳಸುತ್ತಿದ್ದಲ್ಲಿ ವೈದ್ಯರಿಗೆ ತಿಳಿಸತಕ್ಕದ್ದು.

ಶಸ್ತ್ರಚಿಕಿತ್ಸೆ: ರೋಗದ ಭಾಗವನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ನೀಡುವುದು ಒಂದು ವಿಧಾನ, ಪೂರ್ಣ ಸ್ತನ ತೆಗೆಯುವುದು ಇನ್ನೊಂದು. ಮೊದಲನೆಯದಕ್ಕೆ ಅರ್ಹರಾದ ರೋಗಿಗಳಲ್ಲಿ ಎರಡರಿಂದಲೂ ಬದುಕುಳಿಯುವ ಸಾಧ್ಯತೆ ಸಮಾನ. ಆದರೆ ಲೋಬ್ಯುಲರ್ ಕ್ಯಾನ್ಸರ್ ಸ್ಕ್ಯಾನ್‌ನಲ್ಲಿ ಕಂಡಿದ್ದಕ್ಕಿಂತ ದೊಡ್ಡದಾಗಿರಬಹುದು. ತೆಗೆದ ಭಾಗದ ಅಂಚಿನಲ್ಲಿ ಕೋಶಗಳು ಉಳಿದಿದ್ದಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಈ ಸಾಧ್ಯತೆಯನ್ನು ಮೊದಲೇ ಚರ್ಚಿಸುವುದು ಒಳಿತು. ರೋಗವಿಲ್ಲದ ಇನ್ನೊಂದು ಸ್ತನವನ್ನು ಎಲ್ಲರಿಗೂ ತೆಗೆಯಬೇಕೆಂಬ ನಿಯಮವಿಲ್ಲ.

ವಿಕಿರಣ ಚಿಕಿತ್ಸೆ: ಇದನ್ನು ಸಾಮಾನ್ಯವಾಗಿ ವಾರಕ್ಕೆ ಐದು ದಿನಗಳಂತೆ ಮೂರರಿಂದ ಐದು ವಾರ ನೀಡಲಾಗುತ್ತದೆ. ಅಜ್ಜಂಪುರದಿಂದ ಪ್ರತಿದಿನ ಬೆಂಗಳೂರಿಗೆ ಹೋಗಿಬರುವುದು ಸಾಧ್ಯವಿಲ್ಲ. ಉಳಿದುಕೊಳ್ಳುವ ಏರ್ಪಾಡು ಇಲ್ಲವೆಂಬ ಕಾರಣಕ್ಕೇ ಸ್ತನ ತೆಗೆಸುವ ನಿರ್ಧಾರ ಮಾಡುವ ಮುನ್ನ, ಮೂರು ವಾರಗಳ ಕ್ರಮ ತಮಗೆ ಅನ್ವಯಿಸುವುದೇ, ತಂಗಲು ಧರ್ಮಶಾಲೆ ದೊರೆಯುವುದೇ ಎಂದು ವಿಚಾರಿಸತಕ್ಕದ್ದು. ಪೂರ್ಣ ಸ್ತನ ತೆಗೆದರೂ ಕೆಲವರಿಗೆ ವಿಕಿರಣ ಬೇಕಾಗುತ್ತದೆ.

ಕಿಮೊಥೆರಪಿ: ಶಸ್ತ್ರಚಿಕಿತ್ಸೆಗೆ ಮುನ್ನ ನೀಡುವ ಕಿಮೊಥೆರಪಿಗೆ ಈ ಮಾದರಿಯ ಕ್ಯಾನ್ಸರ್ ನಾಳದ ಮಾದರಿಯಷ್ಟು ಕುಗ್ಗದಿರಬಹುದು. ತಮಗೆ ಅದರಿಂದ ಎಷ್ಟು ಪ್ರಯೋಜನ ಎಂದು ಕೇಳುವ ಹಕ್ಕು ರೋಗಿಗಿದೆ.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವವರು ರೋಗಿಯೇ. ಗಂಡ, ಮಕ್ಕಳು, ಅಣ್ಣ-ತಮ್ಮಂದಿರು ಜೊತೆಯಲ್ಲಿದ್ದು ನೆರವಾಗಬೇಕೇ ಹೊರತು, ಆಕೆಗೆ ಕಾಯಿಲೆಯ ಹೆಸರನ್ನು ಮರೆಮಾಚಿ ಹೊರಗೆ ನಿಂತು ನಿರ್ಧರಿಸುವುದು ಸರಿಯಲ್ಲ. ಮುಂದೆ ವರ್ಷಗಟ್ಟಲೆ ಮಾತ್ರೆ ನುಂಗಬೇಕಾದವರು ಆಕೆ. ಯಾವುದಕ್ಕಾಗಿ ಎಂಬುದು ಆಕೆಗೆ ತಿಳಿದಿರಲೇಬೇಕು.

5. ಹಾರ್ಮೋನ್ ಮಾತ್ರೆ ಹಾಗೂ ದೀರ್ಘಕಾಲದ ಎಚ್ಚರಿಕೆ

ಮುಟ್ಟು ನಿಲ್ಲದವರಿಗೆ ಸಾಮಾನ್ಯವಾಗಿ ಟ್ಯಾಮಾಕ್ಸಿಫೆನ್, ಮುಟ್ಟು ನಿಂತವರಿಗೆ ಲೆಟ್ರೋಜೋಲ್ ಅಥವಾ ಅನಾಸ್ಟ್ರೋಜೋಲ್ ನೀಡಲಾಗುತ್ತದೆ. ಕನಿಷ್ಠ ಐದು ವರ್ಷ, ಕೆಲವರಿಗೆ ಹತ್ತು ವರ್ಷದವರೆಗೂ ಸೇವಿಸಬೇಕಾಗುತ್ತದೆ. ನೋವಿಲ್ಲ, ಹುಷಾರಾಗಿದ್ದೇನೆ ಎಂದು ಮಧ್ಯದಲ್ಲಿ ನಿಲ್ಲಿಸಬಾರದು. ಲೋಬ್ಯುಲರ್ ಕ್ಯಾನ್ಸರ್ ಐದು ವರ್ಷಗಳ ನಂತರವೂ, ಹತ್ತು ವರ್ಷಗಳ ನಂತರವೂ ಮರುಕಳಿಸಬಲ್ಲದು.

ಟ್ಯಾಮಾಕ್ಸಿಫೆನ್ ಸೇವಿಸುವವರಿಗೆ ಮೈ ಬಿಸಿಯೇರುವುದುಂಟು. ಅಸಹಜ ರಕ್ತಸ್ರಾವ, ಕಾಲಿನ ಊತ ಅಥವಾ ಉಸಿರಾಟದ ತೊಂದರೆ ಕಂಡಲ್ಲಿ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಈ ಅವಧಿಯಲ್ಲಿ ಗರ್ಭ ಧರಿಸಬಾರದು. ಲೆಟ್ರೋಜೋಲ್, ಅನಾಸ್ಟ್ರೋಜೋಲ್‌ಗಳಿಂದ ಕೀಲುನೋವು ಬರಬಹುದು, ಮೂಳೆ ಸವೆಯಬಹುದು. ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸುವುದು ಒಳಿತು. ತೊಂದರೆ ಸಹಿಸಲಾಗದಿದ್ದಲ್ಲಿ ಮಾತ್ರೆ ಬದಲಿಸಲು ಅವಕಾಶವಿದೆ.

ಈ ಕ್ಯಾನ್ಸರ್ ಮೂಳೆಗಳಿಗಲ್ಲದೆ ಹೊಟ್ಟೆಯ ಒಳಪೊರೆ, ಜಠರ, ಕರುಳು, ಅಂಡಾಶಯಗಳಿಗೂ ಹರಡಬಹುದು. ಹಲವು ವರ್ಷಗಳ ಹಿಂದೆ ಚಿಕಿತ್ಸೆ ಪಡೆದವರಿಗೆ ಬೇಗನೆ ಹೊಟ್ಟೆ ತುಂಬಿದಂತಾಗುವುದು, ಹೊಟ್ಟೆ ಉಬ್ಬರ, ಮೂಳೆನೋವು ವಾರಗಟ್ಟಲೆ ಇದ್ದಲ್ಲಿ, ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಂಡು ಸುಮ್ಮನಾಗದೆ, ಹಿಂದಿನ ಕಾಯಿಲೆಯ ವಿಷಯವನ್ನು ವೈದ್ಯರಿಗೆ ಹೇಳತಕ್ಕದ್ದು.

ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದಲ್ಲಿ ಆ ಬದಿಯ ಕೈ ಊದಿಕೊಳ್ಳಬಹುದು. ಅಡಿಕೆ ಸುಲಿಯುವಾಗ, ಈರುಳ್ಳಿ ಹೊಲದಲ್ಲಿ ಕೆಲಸ ಮಾಡುವಾಗ ಗಾಯವಾಗದಂತೆ ಎಚ್ಚರ ವಹಿಸಬೇಕು. ವ್ಯಾಯಾಮವನ್ನೂ ಭಾರದ ಕೆಲಸವನ್ನೂ ವೈದ್ಯರ ಸಲಹೆಯಂತೆ ಹಂತ ಹಂತವಾಗಿ ಆರಂಭಿಸಬಹುದು.

ಕುಟುಂಬದಲ್ಲಿ ಲೋಬ್ಯುಲರ್ ಕ್ಯಾನ್ಸರ್ ಜೊತೆಗೆ ಜಠರದ ಕ್ಯಾನ್ಸರ್ ಇದ್ದಲ್ಲಿ, ಅನುವಂಶೀಯ ಪರೀಕ್ಷೆಯ ಅಗತ್ಯವನ್ನು ವೈದ್ಯರೊಂದಿಗೆ ಚರ್ಚಿಸತಕ್ಕದ್ದು.

6. ಚಿಕಿತ್ಸೆ ಎಲ್ಲಿ, ನೆರವು ಹೇಗೆ

ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ, ಅಲ್ಲಿಂದ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ ಶಿಫಾರಸು ಪತ್ರ ಪಡೆಯಬಹುದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973 ರಲ್ಲಿ ಸ್ಥಾಪನೆಯಾಗಿ, 1980 ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು.

2018 ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ರಷ್ಟನ್ನು, ವಾರ್ಷಿಕ ರೂ. 1.50 ಲಕ್ಷ ಮೀರದಂತೆ, ಸರ್ಕಾರ ಭರಿಸುತ್ತದೆ. ನೋಂದಾಯಿತ ಆಸ್ಪತ್ರೆಗಳಲ್ಲಿರುವ ಆರೋಗ್ಯ ಮಿತ್ರರನ್ನು ಸಂಪರ್ಕಿಸುವುದು.

ಅಜ್ಜಂಪುರ ನಿಲ್ದಾಣವು ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಲ್ಲಿದೆ. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿ ಹಾಗೂ ಜೊತೆಗಾರರೊಬ್ಬರಿಗೆ ಶೇ. 75 ರಿಯಾಯಿತಿ ಇದೆ. ಆಸ್ಪತ್ರೆಯು ನಿಗದಿತ ನಮೂನೆಯಲ್ಲಿ ನೀಡುವ ಪ್ರಮಾಣಪತ್ರವನ್ನು ಟಿಕೆಟ್ ಕೌಂಟರಿನಲ್ಲಿ ಹಾಜರುಪಡಿಸಬೇಕು.

7. ಜೊತೆಯಲ್ಲಿ ಒಯ್ಯಬೇಕಾದ ದಾಖಲೆಗಳು

1) ಪಡಿತರ ಚೀಟಿ ಮತ್ತು ಆಧಾರ್ ಕಾರ್ಡ್ (ಎರಡರಲ್ಲಿಯೂ ಹೆಸರು ಒಂದೇ ರೀತಿ ಇರುವುದನ್ನು ಪರಿಶೀಲಿಸಿಕೊಳ್ಳುವುದು)
2) ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ
3) ಬಯಾಪ್ಸಿ ವರದಿ, ಎರಡನೇ ಅಭಿಪ್ರಾಯಕ್ಕಾಗಿ ಬಯಾಪ್ಸಿಯ ಗಾಜಿನ ಸ್ಲೈಡುಗಳು ಮತ್ತು ಮೇಣದ ಬ್ಲಾಕು
4) ಸ್ಕ್ಯಾನಿಂಗ್ ವರದಿ ಹಾಗೂ ಫಿಲ್ಮುಗಳು
5) ಸೇವಿಸುತ್ತಿರುವ ಎಲ್ಲಾ ಔಷಧಿಗಳ ಪಟ್ಟಿ

ಚಿಕಿತ್ಸೆ ಮುಗಿದ ನಂತರವೂ ಬಯಾಪ್ಸಿ ವರದಿಯನ್ನು ಜಮೀನಿನ ಪತ್ರಗಳಷ್ಟೇ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಹತ್ತು ವರ್ಷಗಳ ನಂತರ ಬೇರೊಬ್ಬ ವೈದ್ಯರ ಮುಂದೆ ಕುಳಿತಾಗ, ಆ ಒಂದು ಹಾಳೆ ಸರಿಯಾದ ಪರೀಕ್ಷೆಗೆ ದಾರಿ ತೋರಿಸುತ್ತದೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯ ಅಂತಿಮ ನಿರ್ಧಾರವನ್ನು ತಜ್ಞ ವೈದ್ಯರ ಸಲಹೆ ಪಡೆದು ಕೈಗೊಳ್ಳತಕ್ಕದ್ದು.