ಗಂಧದೆಣ್ಣೆಯಿಂದ ಸಿಂಪ್ಯೂಟರ್‌ವರೆಗೆ

ವಿದ್ಯಾರ್ಥಿ ಮಿತ್ರರೇ, ಮೈಸೂರು ಸ್ಯಾಂಡಲ್ ಸೋಪನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಅದರ ಮುದ್ರೆಯಲ್ಲಿ ಸಿಂಹದ ಮೈ, ಆನೆಯ ತಲೆ ಇರುವ ಶರಭವನ್ನೂ ನೀವು ಕಂಡಿರುತ್ತೀರಿ. ಆದರೆ ಆ ಸೋಪಿನ ಹಿಂದೆ ಬೆಂಗಳೂರಿನ ಒಂದು ರಸಾಯನ ಪ್ರಯೋಗಾಲಯವಿದೆ ಎಂಬ ಸಂಗತಿ ಅನೇಕರಿಗೆ ತಿಳಿದಿಲ್ಲ. ವಿಶ್ವವಿದ್ಯಾಲಯಗಳ ಸಂಶೋಧನೆಯಿಂದ ಹೊಸ ಕಂಪನಿಗಳನ್ನು ಕಟ್ಟಬೇಕು, ಅದಕ್ಕೆ ಸರ್ಕಾರ ಮತ್ತು ಖಾಸಗಿಯವರು ಸೇರಿ ಹಣ ಹೂಡಬೇಕು ಎಂಬ ಮಾತನ್ನು ಇಂದು ಪದೇ ಪದೇ ಕೇಳುತ್ತೇವೆ. ಇದು ಹೊಸ ಮಾತೆಂದು ತೋರಿದರೂ ನಮ್ಮ ನಾಡಿನಲ್ಲಿ ಇದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಆ ಇತಿಹಾಸ ಕೇಳುವ ಪ್ರಶ್ನೆ ಒಂದೇ: ಪ್ರಯೋಗಾಲಯ ಬಿಟ್ಟು ಪೇಟೆ ಸೇರುವವರೆಗಿನ ನಡುದಾರಿಯ ಖರ್ಚನ್ನು ಹೊರುವವರು ಯಾರು?

ಈ ಕಥೆ ಆರಂಭವಾಗುವುದು ಹಳೆಯ ಬೆಂಗಳೂರಿಗರು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಉದ್ಯಮಿ ಜಮ್‌ಶೆಟ್‌ಜಿ ಟಾಟಾ ಇದಕ್ಕಾಗಿ ತಮ್ಮ ಆಸ್ತಿಯ ಒಂದು ಭಾಗವನ್ನು ಮುಡಿಪಾಗಿಟ್ಟರು. ಮೈಸೂರು ಸಂಸ್ಥಾನ ಸುಮಾರು 371 ಎಕರೆ ಭೂಮಿಯನ್ನೂ ಹಣವನ್ನೂ ಕೊಟ್ಟಿತು. ಬ್ರಿಟಿಷ್ ಭಾರತ ಸರ್ಕಾರವೂ ನೆರವು ನೀಡಿತು. ಟಾಟಾ ಅವರು 1904ರಲ್ಲಿ ತೀರಿಕೊಂಡರು. ಸಂಸ್ಥೆ ಅಸ್ತಿತ್ವಕ್ಕೆ ಬಂದದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಸೇರಿದ್ದು 1911ರಲ್ಲಿ. ವ್ಯಾಪಾರಿಯ ದಾನ, ಅರಸರ ಭೂಮಿ, ಸರ್ಕಾರದ ಅನುದಾನ ಈ ಮೂರೂ ಒಂದೆಡೆ ಸೇರಿದವು. ಸಾರ್ವಜನಿಕ-ಖಾಸಗಿ ಸಹಭಾಗಿತ್ವ ಎಂಬ ಪದ ಹುಟ್ಟುವ ಮೊದಲೇ ಆ ವಸ್ತು ಇಲ್ಲಿ ಹುಟ್ಟಿತ್ತು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಅಲ್ಲಿಯವರೆಗೆ ಮೈಸೂರಿನ ಶ್ರೀಗಂಧದ ಮರ ಹರಾಜಾಗಿ ಹಡಗೇರಿ ಹೊರದೇಶಗಳಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆ ಅಲ್ಲಿನವರ ಕೈಯಲ್ಲಿತ್ತು. ಯುದ್ಧದಿಂದಾಗಿ ಆ ದಾರಿ ಮುಚ್ಚಿತು, ಗಂಧದ ಕೊರಡು ಇಲ್ಲಿಯೇ ಉಳಿಯಿತು. ಗಂಧ ಸಂಸ್ಥಾನದ ಏಕಸ್ವಾಮ್ಯವಾಗಿದ್ದುದರಿಂದ ನಷ್ಟವೂ ಬೊಕ್ಕಸದ್ದೇ ಆಗಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಎಂ. ವಿಶ್ವೇಶ್ವರಯ್ಯನವರು ದಿವಾನರು, ಆಲ್ಫ್ರೆಡ್ ಚಾಟರ್ಟನ್ ಅವರು ಕೈಗಾರಿಕಾ ಇಲಾಖೆಯ ಮುಖ್ಯಸ್ಥರು. ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಗಂಧದ ಎಣ್ಣೆಯನ್ನು ಇಲ್ಲಿಯೇ ಭಟ್ಟಿ ಇಳಿಸುವ ಪ್ರಯೋಗಗಳನ್ನು ಕೈಗೊಂಡರು. ಮರದ ಚೇಗು ಮತ್ತು ಬೇರನ್ನು ಪುಡಿ ಮಾಡಿ, ಅದರ ಮೂಲಕ ಹಬೆ ಹಾಯಿಸಿ, ಹಬೆಯೊಡನೆ ಬಂದ ಎಣ್ಣೆಯನ್ನು ತಂಪುಗೊಳಿಸಿ ಬೇರ್ಪಡಿಸುವ ಕ್ರಮ ಅದು. 1916-17ರ ಹೊತ್ತಿಗೆ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಸರ್ಕಾರದ ಹಣದಿಂದ ಎಣ್ಣೆ ಕಾರ್ಖಾನೆಗಳು ನಡೆಯತೊಡಗಿದವು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಆರಂಭವಾಯಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖರು, ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ರಸಾಯನ ತಜ್ಞ ಎಸ್.ಜಿ. ಶಾಸ್ತ್ರಿಗಳು.

ಈ ಪ್ರಯತ್ನ ಗೆದ್ದದ್ದು ಹೇಗೆ? ವಿದ್ಯೆ ಪ್ರಯೋಗಾಲಯದಲ್ಲಿತ್ತು, ಕಚ್ಚಾ ಸಾಮಗ್ರಿ ಕಾಡಿನಲ್ಲಿತ್ತು, ಎಣ್ಣೆಗೆ ಬೇಡಿಕೆ ಹೊರದೇಶಗಳಲ್ಲಿ ಮೊದಲೇ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಗೆಲ್ಲುವುದೋ ಸೋಲುವುದೋ ತಿಳಿಯದ ಘಟ್ಟದಲ್ಲಿ ಸಂಸ್ಥಾನವೇ ಹಣ ಹೂಡಿತು.

ಈ ಘಟ್ಟ ಯಾವುದೆಂದು ಸ್ವಲ್ಪ ವಿವರಿಸಬೇಕು. ಪ್ರಯೋಗಾಲಯದಲ್ಲಿ ಒಂದು ತತ್ವ ಸಿದ್ಧವಾದರೆ ಸಂಶೋಧನಾ ಅನುದಾನದ ಕೆಲಸ ಮುಗಿಯುತ್ತದೆ. ಅತ್ತ ಬ್ಯಾಂಕು ಸಾಲ ಕೊಡಬೇಕಾದರೆ ಅಡಮಾನ ಕೇಳುತ್ತದೆ, ಬಂಡವಾಳಗಾರ ಹಣ ಹಾಕಬೇಕಾದರೆ ಮಾರಾಟದ ಲೆಕ್ಕ ಕೇಳುತ್ತಾನೆ. ಇವೆರಡರ ನಡುವೆ ಮಾದರಿ ತಯಾರಿಸಬೇಕು, ಅದನ್ನು ಪರೀಕ್ಷಿಸಬೇಕು, ಕೆಟ್ಟರೆ ತಿದ್ದಬೇಕು, ಪೇಟೆಂಟ್ ಪಡೆಯಬೇಕು. ಔಷಧಿಯೋ ವೈದ್ಯಕೀಯ ಉಪಕರಣವೋ ಆದರೆ ಈ ಕೆಲಸಕ್ಕೆ ಅನೇಕ ವರ್ಷಗಳೇ ಬೇಕು. ಬೀಜ ಬಿತ್ತಲೂ ಫಸಲು ಕೊಳ್ಳಲೂ ಜನರಿದ್ದು, ನಡುವೆ ನೀರು ಹಾಯಿಸುವವರಿಲ್ಲದಿದ್ದರೆ ಹೊಲದ ಗತಿ ಏನು? ಎಷ್ಟೋ ಒಳ್ಳೆಯ ಸಂಶೋಧನೆಗಳು ಒಣಗುವುದು ಈ ನಡುವಿನಲ್ಲಿಯೇ.

ಅಮೆರಿಕ ಈ ಕೊರತೆಯನ್ನು ಎರಡು ಕಾನೂನುಗಳಿಂದ ತುಂಬಲು ಯತ್ನಿಸಿತು. 1980ರ ಬೇ-ಡೋಲ್ ಕಾಯಿದೆ, ಸರ್ಕಾರದ ಹಣದಿಂದ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಂಡು ಕಂಪನಿಗಳಿಗೆ ಪರವಾನಗಿ ಕೊಡಲು ಅವಕಾಶ ಮಾಡಿತು. 1982ರ ಮತ್ತೊಂದು ಕಾಯಿದೆಯ ಪ್ರಕಾರ ದೊಡ್ಡ ಸರ್ಕಾರಿ ಇಲಾಖೆಗಳು ತಮ್ಮ ಸಂಶೋಧನಾ ಹಣದ ಒಂದು ಪಾಲನ್ನು ಸಣ್ಣ ಕಂಪನಿಗಳಿಗೆ ಮೀಸಲಿಡಬೇಕಾಯಿತು.

ಭಾರತದಲ್ಲಿ ಇಂಥ ವ್ಯವಸ್ಥೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಿತು. 1991ರಲ್ಲಿ ವಿಜ್ಞಾನ ಸಂಸ್ಥೆ ತನ್ನ ಆವರಣದಲ್ಲಿಯೇ, ಉದ್ಯಮಗಳೊಡನೆ ಕೂಡಿ ಕೆಲಸ ಮಾಡಲೆಂದು, ನಾವೀನ್ಯ ಮತ್ತು ಅಭಿವೃದ್ಧಿಯ ಸೊಸೈಟಿಯೊಂದನ್ನು ಸ್ಥಾಪಿಸಿತು. 1996ರಲ್ಲಿ ಕೇಂದ್ರದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಬಂತು. 2000ದ ಹೊತ್ತಿಗೆ ಸಿಎಸ್‌ಐಆರ್ 'ನಿಮಿಟ್ಲಿ' ಎಂಬ ಯೋಜನೆ ಆರಂಭಿಸಿತು. ಅದರಲ್ಲಿ ಸಂಶೋಧನಾ ಸಂಸ್ಥೆಗಳಿಗೆ ಅನುದಾನ, ಪಾಲುದಾರ ಕಂಪನಿಗಳಿಗೆ ಕಡಿಮೆ ಬಡ್ಡಿಯ ಸಾಲ ಎಂಬ ಹಂಚಿಕೆ ಇತ್ತು. 2012ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯ ಅಡಿಯಲ್ಲಿ 'ಬೈರಾಕ್' ಎಂಬ, ಲಾಭದ ಉದ್ದೇಶವಿಲ್ಲದ ಸರ್ಕಾರಿ ಸಂಸ್ಥೆ ಹುಟ್ಟಿತು. ಒಂದು ಒಳ್ಳೆಯ ವಿಚಾರವನ್ನು ಪರೀಕ್ಷಿಸಿ ನೋಡಲು 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುವ ಕ್ರಮವನ್ನು ಅದು ಜಾರಿಗೆ ತಂದಿತು. ಇದು ಸಾಲವಲ್ಲ. ಪ್ರಯೋಗ ಸೋತರೆ ಸಂಶೋಧಕ ಮನೆ ಮಾರಬೇಕಾಗಿಲ್ಲ.

ಈ ಮೆಟ್ಟಿಲುಗಳು ಇನ್ನೂ ಪೂರ್ಣವಾಗದ ಕಾಲದಲ್ಲಿ ಹೊರಟವರ ಅನುಭವ ನಮಗೆ ದೊಡ್ಡ ಪಾಠ. ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಬೆಂಗಳೂರಿನ ಎನ್‌ಕೋರ್ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ 'ಸಿಂಪ್ಯೂಟರ್' ಎಂಬ ಕೈಗಣಕವನ್ನು ರೂಪಿಸಿದರು. ಅದರ ಮಾದರಿ 2001ರಲ್ಲಿ ಹೊರಬಂತು. ಸರಳವಾಗಿರಬೇಕು, ಅಗ್ಗವಾಗಿರಬೇಕು, ನಮ್ಮ ಭಾಷೆಗಳಲ್ಲಿ ಮಾತಾಡಬೇಕು ಎಂಬುದು ಅವರ ಗುರಿ. ಕೊಳ್ಳಲಾಗದವರು ಊರಿಗೊಂದು ಯಂತ್ರವಿಟ್ಟುಕೊಂಡು, ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಬಹುದಿತ್ತು. ಜಗತ್ತಿನ ಪತ್ರಿಕೆಗಳು ಹೊಗಳಿದವು. ಆದರೆ ಹೊಗಳಿಕೆ ಬಂದಷ್ಟು ಬೇಗ ಬಂಡವಾಳ ಬರಲಿಲ್ಲ. ಸರ್ಕಾರಿ ಸ್ವಾಮ್ಯದ ಬಿಇಎಲ್ ತಯಾರಿಸಿದ 'ಅಮಿಡಾ' ಸಿಂಪ್ಯೂಟರ್ ಪೇಟೆಗೆ ಬಂದದ್ದು 2004ರಲ್ಲಿ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಹಳ್ಳಿಯ ಹಾದಿ ಹಿಡಿದಿತ್ತು. ಕೆಲವೇ ಸಾವಿರ ಯಂತ್ರಗಳು ಮಾರಾಟವಾದವು. 2005ರಲ್ಲಿ ನಿಮಿಟ್ಲಿಯ ನೆರವಿನಿಂದ ಎನ್‌ಕೋರ್ 'ಮೊಬಿಲಿಸ್' ಎಂಬ ಇನ್ನೊಂದು ಅಗ್ಗದ ಗಣಕವನ್ನು ತಂದರೂ ಮನೆಮಾತಾಗುವ ಅವಕಾಶ ಆಗಲೇ ಕೈಜಾರಿತ್ತು.

ಅದೇ ನಾಲ್ವರು 2000ದಲ್ಲಿ ಆರಂಭಿಸಿದ ಇನ್ನೊಂದು ಕಂಪನಿ ಸ್ಟ್ರಾಂಡ್ ಜಿನೋಮಿಕ್ಸ್. ಜೀವಕೋಶದ ಮಾಹಿತಿಯನ್ನು ಗಣಕದಿಂದ ವಿಶ್ಲೇಷಿಸುವ ತಂತ್ರಾಂಶ ಅದರ ಮೊದಲ ಸರಕು. ಮುಂದೆ ಅದು ಸ್ಟ್ರಾಂಡ್ ಲೈಫ್ ಸೈನ್ಸಸ್ ಆಗಿ, ಕ್ಯಾನ್ಸರ್ ಮೊದಲಾದ ಕಾಯಿಲೆಗಳ ವಂಶವಾಹಿ ಪರೀಕ್ಷೆಗೂ ಕೈಹಾಕಿತು. 2021ರಲ್ಲಿ ರಿಲಯನ್ಸ್ ಸಮೂಹ ಅದರ ಬಹುಪಾಲು ಷೇರು ಕೊಂಡಿತು. ಮೇಷ್ಟ್ರುಗಳು ಅವರೇ, ಊರು ಅದೇ, ಜಾಣ್ಮೆಯೂ ಅದೇ. ಒಂದು ನಿಂತಿತು, ಒಂದು ಬಿತ್ತು. ಜಾಣ್ಮೆಯೊಂದೇ ಸಾಲದು, ಹಣವೂ ಕಾಲವೂ ಕೂಡಿ ಬರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ?

ಮುಂದಿನ ಪೀಳಿಗೆ ಈ ಪಾಠ ಕಲಿತಿದೆ. ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ನವಕಾಂತ ಭಟ್ ಮತ್ತು ಅವರ ಸಹೋದ್ಯೋಗಿ 2015ರಲ್ಲಿ 'ಪಾಥ್‌ಶೋಧ್' ಎಂಬ ಕಂಪನಿ ತೆರೆದರು. ಒಂದು ಹನಿ ರಕ್ತದಿಂದ ಮಧುಮೇಹಕ್ಕೆ ಸಂಬಂಧಿಸಿದ ಹಲವು ಪರೀಕ್ಷೆಗಳನ್ನು ಅಂಗೈಯಗಲದ ಉಪಕರಣದಲ್ಲಿ ಮಾಡುವುದು ಅದರ ಉದ್ದೇಶ. ಅದು ಮೊದಲು ನೆಲೆನಿಂತದ್ದು, 1991ರಲ್ಲಿ ಸ್ಥಾಪನೆಯಾಯಿತೆಂದು ಮೇಲೆ ಹೇಳಿದ ಸೊಸೈಟಿಯ ಮಡಿಲಿನಲ್ಲಿಯೇ.

ಹಾಗೆಂದು ಎಲ್ಲವೂ ಸರಿಯಿದೆ ಎನ್ನಲಾಗದು. ಜನರ ತೆರಿಗೆಯಿಂದ ಸಂಶೋಧನೆ ನಡೆದು, ಲಾಭ ಮಾತ್ರ ಕೆಲವರ ಪಾಲಾದರೆ ಅದು ನ್ಯಾಯವೇ? ಮೇಷ್ಟ್ರು ಕಂಪನಿಯ ಹಿಂದೆ ಬಿದ್ದರೆ ಪಾಠದ ಗತಿ ಏನು? ಕೂಡಲೇ ಹಣ ತಾರದ ಮೂಲ ವಿಜ್ಞಾನವನ್ನು ಓದುವವರು ಯಾರು? ಇವು ತಳ್ಳಿಹಾಕುವ ಪ್ರಶ್ನೆಗಳಲ್ಲ. ಬೇ-ಡೋಲ್ ಮಾದರಿಯ ಮಸೂದೆಯೊಂದು 2008ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದಾಗ ಇಂಥವೇ ಆಕ್ಷೇಪಗಳು ಎದ್ದವು. ಅದು ಕಾನೂನಾಗಲಿಲ್ಲ.

ಗಂಧದೆಣ್ಣೆಯ ಕಾಲದಲ್ಲಿ ಉತ್ತರ ಸುಲಭವಾಗಿತ್ತು. ಹಣ ಹೂಡಿದ್ದು ಸಂಸ್ಥಾನ, ಲಾಭವೂ ಸಂಸ್ಥಾನದ ಬೊಕ್ಕಸಕ್ಕೆ. ಆ ಕಾರ್ಖಾನೆಗಳ ಪರಂಪರೆ 1980ರಲ್ಲಿ ಕರ್ನಾಟಕ ಸರ್ಕಾರದ ಸಾಬೂನು ಮತ್ತು ಮಾರ್ಜಕ ಕಂಪನಿಯಾಗಿ ಮುಂದುವರಿಯಿತು. ಇಂದಿನ ಸಹಭಾಗಿತ್ವದಲ್ಲಿ ಹೂಡಿಕೆ ಹಂಚಿಹೋಗಿದೆ, ಆದ್ದರಿಂದ ಲಾಭದ ಹಂಚಿಕೆಯನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. ಪೇಟೆಂಟ್ ಶುಲ್ಕದ ಪಾಲೋ, ಷೇರಿನ ಪಾಲೋ, ಬಡವರಿಗೆ ಎಟುಕುವ ಬೆಲೆಯೋ, ಏನಾದರೊಂದು ಜನರಿಗೆ ಮರಳಿ ಬರಬೇಕು.

ಮಿತ್ರರೇ, ನಿಮ್ಮಲ್ಲಿ ಯಾರೋ ಒಬ್ಬರು ನಾಳೆ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಹೊಸ ವಸ್ತುವನ್ನು ಕಂಡುಹಿಡಿಯಬಹುದು. ಆಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಪೇಟೆ ಮುಟ್ಟುವವರೆಗೆ ಯಾರು ಕೈಹಿಡಿಯುತ್ತಾರೆ? ಮುಟ್ಟಿದ ಮೇಲೆ ಯಾರ ಮನೆ ಬೆಳಗುತ್ತದೆ? ಎರಡಕ್ಕೂ ಉತ್ತರವಿದ್ದರೆ ನಿಮ್ಮ ಸಂಶೋಧನೆ ಕಪಾಟಿನಲ್ಲಿ ಧೂಳು ಹಿಡಿಯುವ ಪ್ರಬಂಧವಾಗಿ ಉಳಿಯುವುದಿಲ್ಲ.